ಅಶ್ವಗಂಧದ ಹಾಲು: ಬೇರಿನಿಂದ ಲೋಟದವರೆಗೆ

ಮಂಡಿ ಹಿಡಿದು ಏಳುವ ವಯಸ್ಸಿಗೆ ಅಶ್ವಗಂಧ ಒಳ್ಳೆಯದು ಎನ್ನುವವರು ಊರೆಲ್ಲ ಇದ್ದಾರೆ. ಎಷ್ಟು, ಹೇಗೆ ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಇದು ಒಣಭೂಮಿಯ ಗಿಡ. ಮಲೆನಾಡಿನ ಹಿತ್ತಲಲ್ಲಿ ನೆಟ್ಟರೆ ಜಡಿಮಳೆಗೆ ಬೇರು ಕೊಳೆಯುತ್ತದೆ. ಹಾಗಾಗಿ ಶಿವಮೊಗ್ಗದ ಗ್ರಂಧಿಗೆ ಅಂಗಡಿಯಲ್ಲಿ ಒಣಬೇರನ್ನೇ ಕೊಳ್ಳಿ. ಹೊಸ ಬೇರು ಕಿತ್ತು ಬರುವ ಕಾಲ ಫೆಬ್ರುವರಿಯಿಂದ ಏಪ್ರಿಲ್. ಮುರಿದರೆ ಪಟ್ಟನೆ ಸದ್ದಾಗಬೇಕು, ಒಳಗೆ ಬೆಳ್ಳಗಿರಬೇಕು. ಬಾಗಿದರೆ ತೇವವಿದೆ ಎಂದರ್ಥ. ತೂತಿದ್ದರೆ ಹುಳ ಬಿದ್ದಿದೆ.

ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹರಡಿ, ಮೊದಲು ಕುಟ್ಟಿ, ಆಮೇಲೆ ಮಿಕ್ಸಿಗೆ ಹಾಕಿ. ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಮಿಕ್ಸಿಯಿಂದ ತೆಗೆದ ಬಿಸಿ ಪುಡಿಯನ್ನು ಹಾಗೇ ಬಾಟಲಿಗೆ ತುಂಬಿದರೆ ಒಳಗೆ ಬೆವರುಗಟ್ಟಿ ಬೂಷ್ಟು ಬರುತ್ತದೆ. ಪೂರ್ತಿ ಆರಲಿ. ಮಳೆಗಾಲಕ್ಕೆ ಬೇರನ್ನೇ ಡಬ್ಬಿಯಲ್ಲಿಟ್ಟು, ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿ.

ಮೊದಲ ವಾರ ದಿನಕ್ಕೆ ಅರ್ಧ ಟೀ ಚಮಚ ಪುಡಿ, ಆಮೇಲೆ ಒಂದು. ಅಂದರೆ ಸುಮಾರು 3 ಗ್ರಾಂ. ಪುಡಿಯನ್ನು ಕಾಲು ಲೋಟ ತಣ್ಣೀರಲ್ಲಿ ಕದಡಿ (ನೇರ ಬಿಸಿ ಹಾಲಿಗೆ ಹಾಕಿದರೆ ಗಂಟಾಗುತ್ತದೆ), ಒಂದು ಲೋಟ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ನೀರಿನಂಶ ಇಂಗುವವರೆಗೆ ಕುದಿಸಿ. ಬೇರಿನ ಮುಖ್ಯ ಸತ್ವಗಳಾದ ವಿಥನೋಲೈಡ್‌ಗಳು ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ಕೆನೆ ತೆಗೆಯಬೇಡಿ. ಕಹಿಗೆ ಬೆಲ್ಲ ಇದ್ದೇ ಇದೆ. ತೂಕಡಿಕೆ ತರುವುದರಿಂದ ರಾತ್ರಿ ಊಟದ ನಂತರ ಕುಡಿಯುವುದೇ ಸರಿ. ಬರಿಹೊಟ್ಟೆಗೆ ಕುಡಿದರೆ ಕೆಲವರಿಗೆ ಭೇದಿ.

ಕ್ಯಾಪ್ಸೂಲ್ ತೆಗೆದುಕೊಳ್ಳುವವರು ಮೇಲಿನ ಚೀಟಿ ಓದಿ: 300 ಮಿಲಿಗ್ರಾಂ ಸಾರ, ವಿಥನೋಲೈಡ್ ಶೇ. 5 ಎಂದಿದ್ದರೆ ಒಂದರಲ್ಲಿ 15 ಮಿಲಿಗ್ರಾಂ. ಎಲೆ ಬೆರೆಸಿದ್ದು ಬೇಡ. ಪುಡಿ, ಕ್ಯಾಪ್ಸೂಲ್ ಎರಡೂ ಒಟ್ಟಿಗೆ ಬೇಡವೇ ಬೇಡ.

ಸ್ನಾಯುವಿನ ಮಾತು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಸಾರ ತೆಗೆದುಕೊಂಡವರ ಬಲ 8 ವಾರದಲ್ಲಿ ಹೆಚ್ಚಿತ್ತು, ನಿಜ. ಆದರೆ ಅವರು 50ರೊಳಗಿನವರು, ಭಾರ ಎತ್ತುವ ವ್ಯಾಯಾಮವನ್ನೂ ಮಾಡುತ್ತಿದ್ದರು. ಹಾಲು ಕುಡಿದು ಜಗಲಿ ಮೇಲೆ ಕೂತರೆ ತೊಡೆ ಗಟ್ಟಿಯಾಗದು. ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳಿ, ಕೂರಿ. ವಾರಕ್ಕೆ ಮೂರು ದಿನ. ಊಟದಲ್ಲಿ ಬೇಳೆ, ಮೊಟ್ಟೆ ಅಥವಾ ಮೀನು ಇರಲಿ.

ಥೈರಾಯ್ಡ್, ಸಕ್ಕರೆ, ಬಿಪಿ, ನಿದ್ದೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಗರ್ಭಿಣಿಯರಿಗಂತೂ ಸಲ್ಲ. ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಮೂತ್ರ ಕಪ್ಪಾದರೆ ಅಂದೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ.