ಮನೆಯಲ್ಲಿರುವ ಸಾಲಗಳ ಲೆಕ್ಕಕ್ಕೆ ಗಂಡ ಹೆಂಡತಿ ಒಟ್ಟಿಗೆ ಕೂರುವುದು ಹೇಗೆ?

ಐದನೇ ತಾರೀಕು ಬೈಕ್ ಕಂತು. ಹತ್ತಕ್ಕೆ ಚೀಟಿ. ಮಂಗಳವಾರ ಬಂತೆಂದರೆ ಸಂಘ. ನಡುವೆ ಕ್ರೆಡಿಟ್ ಕಾರ್ಡಿನ ಮೆಸೇಜ್, ಬಡ್ಡಿಗೆ ಕೊಟ್ಟವರ ಫೋನ್. ದಾವಣಗೆರೆಯ ಎಷ್ಟೋ ಮನೆಗಳಲ್ಲಿ ತಿಂಗಳು ಹೀಗೇ ಉರುಳುತ್ತಿದೆ. ಮಂಡಕ್ಕಿ ಭಟ್ಟಿ, ಆಟೊ, ಬಟ್ಟೆ ಅಂಗಡಿ, ಎಪಿಎಂಸಿ ಹಮಾಲಿ, ಮನೆಯಲ್ಲಿ ಹೊಲಿಗೆ ಎಂದು ಇಬ್ಬರೂ ದುಡಿಯುವ ಮನೆಗಳು ಇವು. ದುಡಿದರೂ ಸಾಲ ಕರಗುವುದಿಲ್ಲ. ಇದಕ್ಕೆ ದೊಡ್ಡ ಕಾರಣ, ಇರುವ ಸಾಲವೆಲ್ಲ ಒಂದೇ ಕಡೆ ಇಬ್ಬರ ಕಣ್ಣಿಗೂ ಬಿದ್ದಿರುವುದಿಲ್ಲ. ಗಂಡನಿಗೆ ಗೊತ್ತಿರುವುದು ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯದು ಗಂಡನಿಗೆ ಗೊತ್ತಿಲ್ಲ. ಮೊದಲ ಕೆಲಸ ಅಲ್ಲಿಂದಲೇ.

ಹಂತ 1: ಕೂರುವ ಹೊತ್ತು ಗೊತ್ತು ಮಾಡಿ

ವಸೂಲಿಗೆ ಬಂದವರು ಹೋದ ಮೇಲೆ, ಜಗಳ ಆದ ರಾತ್ರಿ, ಸಂಬಳ ಬಂದ ದಿನ: ಈ ಮೂರು ಹೊತ್ತಿನಲ್ಲಿ ಲೆಕ್ಕಕ್ಕೆ ಕೂರಬೇಡಿ. ಭಾನುವಾರ ಬೆಳಗ್ಗೆ ತಿಂಡಿ ಮುಗಿದ ಮೇಲೆ ಒಳ್ಳೆಯದು. ಮಕ್ಕಳು ಆಡಲು ಹೋಗಿರಲಿ. ಮನೆಯಲ್ಲಿ ಅತ್ತೆ ಮಾವ ಇದ್ದರೆ ಮೊದಲ ಸಲ ಅವರನ್ನು ಕರೆಯುವುದು ಬೇಡ. ದೊಡ್ಡವರ ಮುಂದೆ ಯಾರೂ ಪೂರ್ತಿ ಬಾಯಿ ಬಿಡುವುದಿಲ್ಲ.

ಒಂದು ಮಾತು ಮೊದಲೇ ಆಗಿರಲಿ. ಯಾಕೆ ಮಾಡಿದೆ, ಯಾರನ್ನು ಕೇಳಿ ಮಾಡಿದೆ ಎಂಬ ಪ್ರಶ್ನೆ ಅವತ್ತು ಬರಕೂಡದು. "ರೀ, ಇನ್ನೊಂದು ಐತೆ, ನಿಮಗೆ ಹೇಳಿರ್ಲಿಲ್ಲ" ಎಂದು ಹೆಂಡತಿ ಹೇಳಿದಾಗ ಗಂಡ ದನಿ ಏರಿಸಿದರೆ ಅಲ್ಲಿಗೆ ಮುಗಿಯಿತು. ಉಳಿದ ಎರಡು ಸಾಲ ಹೊರಗೆ ಬರುವುದೇ ಇಲ್ಲ. ಗಂಡಸರು ಮುಚ್ಚಿಡುವುದೂ ಕಡಿಮೆಯೇನಲ್ಲ. ಗೆಳೆಯನಿಗೆ ಹಾಕಿದ ಜಾಮೀನು, ಮೊಬೈಲ್ ಆ್ಯಪಿನಲ್ಲಿ ತೆಗೆದ ಹತ್ತು ಸಾವಿರ, ಮುಂಗಡವಾಗಿ ತಗೊಂಡ ಸಂಬಳ, ಹೀಗೆ.

ಹಂತ 2: ಒಂದೇ ಹಾಳೆ, ಐದು ಕಲಂ

ಮನೆಯಲ್ಲಿರುವ ಕಾಗದವನ್ನೆಲ್ಲ ಹೊರಗೆ ತೆಗೆಯಿರಿ. ಸಂಘದ ಸಾಲದ ಕಾರ್ಡ್, ಚೀಟಿ ಪುಸ್ತಕ, ಒಡವೆ ಅಡ ಇಟ್ಟ ರಸೀದಿ, ಬ್ಯಾಂಕ್ ಪಾಸ್‌ಬುಕ್, ಕಿರಾಣಿ ಅಂಗಡಿಯ ಉದ್ದರಿ ಚೀಟಿ. ಮಗಳ ಗಣಿತದ ನೋಟ್‌ಬುಕ್ಕಿನ ನಡುವಿನ ಜೋಡಿ ಹಾಳೆ ಕಿತ್ತು ಐದು ಕಲಂ ಗೀಚಿ. ಯಾರಿಗೆ ಕೊಡಬೇಕು, ಅಸಲು ಎಷ್ಟು ಬಾಕಿ, ತಿಂಗಳಿಗೆ ಎಷ್ಟು ಕಟ್ಟುತ್ತಿದ್ದೀರಿ, ಬಡ್ಡಿ ನೂರಕ್ಕೆ ಎಷ್ಟು, ಸೈನ್ ಅಥವಾ ಜಾಮೀನು ಯಾರದು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ. ಗಂಡನಿಗೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 17,000 ಸಂಬಳ. ಹೆಂಡತಿ ಬ್ಲೌಸ್ ಹೊಲಿದು 6,000 ದುಡಿಯುತ್ತಾರೆ. ಗೃಹಲಕ್ಷ್ಮಿ 2,000 ಸೇರಿದರೆ ತಿಂಗಳಿಗೆ 25,000. ಅವರ ಹಾಳೆ ಹೀಗಿದೆ ಎಂದುಕೊಳ್ಳಿ:

ಕೈಸಾಲ 60,000, ನೂರಕ್ಕೆ ಮೂರು ರೂಪಾಯಿ ಬಡ್ಡಿ, ತಿಂಗಳಿಗೆ 1,800.
ಸಂಘದ ಸಾಲ 45,000, ವಾರಕ್ಕೆ 900, ಅಂದರೆ ತಿಂಗಳಿಗೆ ಸುಮಾರು 3,900.
ಬೈಕ್ ಸಾಲ 38,000, ಕಂತು 3,100.
ಕ್ರೆಡಿಟ್ ಕಾರ್ಡ್ 42,000, ಕನಿಷ್ಠ ಮೊತ್ತ 2,100.
ಎತ್ತಿಕೊಂಡ ಚೀಟಿ, ಇನ್ನೂ 8 ತಿಂಗಳು, ತಿಂಗಳಿಗೆ 4,000.
ಚಿನ್ನದ ಸಾಲ 80,000, ವರ್ಷಕ್ಕೆ ಶೇ 10.
ಕಿರಾಣಿ ಉದ್ದರಿ 6,500.

ಒಟ್ಟು 3,03,500. ಚಿನ್ನದ ಬಡ್ಡಿ, ಉದ್ದರಿ ಬಿಟ್ಟರೂ ತಿಂಗಳಿಗೆ 14,900 ಹೋಗುತ್ತಿದೆ. ಉಳಿಯುವ 10,100ರಲ್ಲಿ ಬಾಡಿಗೆ, ಗ್ಯಾಸ್, ಹಾಲು, ಸ್ಕೂಲ್, ಔಷಧಿ ಎಲ್ಲ ಆಗಬೇಕು. ಆಗುವುದಿಲ್ಲ. ಅದಕ್ಕೇ ಪ್ರತಿ ತಿಂಗಳೂ ಹೊಸ ಸಾಲ ಹುಟ್ಟುತ್ತದೆ.

ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸಿಗೆ, ಅಂದರೆ ಸಂಘದಲ್ಲಿ ಸಿಗುವಂಥ ಸಣ್ಣ ಸಾಲಕ್ಕೆ, ಒಂದು ನಿಯಮ ಮಾಡಿತು. ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಈ ಮನೆಯಲ್ಲಿ ಅದು ಮೀರಿದೆ. ಸಾಲ ಕೊಟ್ಟವರಿಗೆ ಕೈಸಾಲ, ಚೀಟಿ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಅದು ಕಾಣಬೇಕಾದದ್ದು ನಿಮಗೆ.

ಇನ್ನೊಂದು ಸಾಲು ಮರೆಯಬೇಡಿ. ಪಕ್ಕದ ಮನೆಯವರಿಗೋ ತಂಗಿಗೋ ನಿಮ್ಮ ಹೆಸರಲ್ಲಿ ಸಂಘದಿಂದ ತೆಗೆದುಕೊಟ್ಟ ಹಣ. ದುಡ್ಡು ಬಳಸಿದವರು ಅವರು, ಕಾಗದದಲ್ಲಿ ಸಾಲಗಾರರು ನೀವು. ಜಾಮೀನೂ ಅಷ್ಟೇ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಎರಡನ್ನೂ ಹಾಳೆಗೆ ಹಾಕಿ.

ನೆನಪು ಕೈಕೊಟ್ಟರೆ ಕ್ರೆಡಿಟ್ ವರದಿ ತೆಗೆಯಿರಿ, ಬ್ಯಾಂಕು, ಫೈನಾನ್ಸಿನಲ್ಲಿ ನಿಮ್ಮ ಹೆಸರಲ್ಲಿರುವ ಸಾಲ ಅದರಲ್ಲಿ ಕಾಣುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಗಂಡನದು ಬೇರೆ, ಹೆಂಡತಿಯದು ಬೇರೆ. ಎರಡೂ ನೋಡಿ.

ಹಂತ 3: ಬಡ್ಡಿಯನ್ನೆಲ್ಲ ಒಂದೇ ಅಳತೆಗೆ ತನ್ನಿ

ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. "ಮೂರು ರೂಪಾಯಿ ಬಡ್ಡಿ" ಎಂದರೆ ಸಣ್ಣದಾಗಿ ಕೇಳುತ್ತದೆ. "ಶೇ 10" ಎಂದರೆ ದೊಡ್ಡದಾಗಿ ಕೇಳುತ್ತದೆ. ಮೊದಲನೆಯದು ತಿಂಗಳ ಲೆಕ್ಕ, ಎರಡನೆಯದು ವರ್ಷದ್ದು. ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಅರವತ್ತು ಸಾವಿರಕ್ಕೆ ವರ್ಷಕ್ಕೆ 21,600 ಕಟ್ಟಿದರೂ ಅಸಲಿನಲ್ಲಿ ಒಂದು ರೂಪಾಯಿ ಇಳಿದಿರುವುದಿಲ್ಲ.

ಫ್ಲಾಟ್ ಬಡ್ಡಿಯದು ಇನ್ನೊಂದು ಆಟ. ಒಂದು ಲಕ್ಷಕ್ಕೆ ಶೇ 12 ಫ್ಲಾಟ್, ಎರಡು ವರ್ಷ ಎಂದರೆ ಬಡ್ಡಿ 24,000, ಕಂತು 5,167. ಪ್ರತಿ ಕಂತಿಗೂ ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 21.5 ಆಗುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ಸಾಲ ಕೊಡುವ ಮೊದಲು ಮುಖ್ಯಾಂಶಗಳ ಒಂದು ಹಾಳೆ ಕೊಡಲೇಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಕೇಳಿ ತಗೊಳ್ಳಿ.

ಕ್ರೆಡಿಟ್ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾಕಿ 42,000. ತಿಂಗಳಿಗೆ ಶೇ 3.5 ಎಂದರೆ ಬಡ್ಡಿ 1,470. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 265. ನೀವು ಕನಿಷ್ಠ ಮೊತ್ತ 2,100 ಕಟ್ಟಿದಿರಿ. ಸಾಲದಲ್ಲಿ ಇಳಿದದ್ದು 365 ರೂಪಾಯಿ ಮಾತ್ರ. ಆ ತಿಂಗಳು ಅದೇ ಕಾರ್ಡಿನಲ್ಲಿ ಒಂದು ಸಾವಿರದ ಪೆಟ್ರೋಲ್ ಹಾಕಿಸಿದರೆ ಸಾಲ ಏರಿತು. ಕಾರ್ಡನ್ನು ಇವತ್ತೇ ಪರ್ಸಿನಿಂದ ತೆಗೆದಿಡಿ.

ಹಂತ 4: ತೀರಿಸುವ ಸಾಲು

ಜಾಸ್ತಿ ಬಡ್ಡಿಯದ್ದು ಮೊದಲು. ಇದು ಸಾಮಾನ್ಯ ಸೂತ್ರ. ಆದರೆ ನನ್ನ ಅಭಿಪ್ರಾಯದಲ್ಲಿ ಕಿರಾಣಿ ಉದ್ದರಿ ಎಲ್ಲಕ್ಕಿಂತ ಮುಂದೆ ಬರಬೇಕು. ಬಡ್ಡಿ ಇಲ್ಲದೆ ನಂಬಿ ಕೊಟ್ಟವರು ಅವರು. ತಿಂಗಳಿಗೆ ಸಾವಿರದಂತೆ ಕೊಡುತ್ತೇನೆ ಎಂದು ಹೇಳಿ, ಹೇಳಿದಂತೆ ಕೊಡಿ. ನಾಳೆ ಮನೆಯಲ್ಲಿ ಜ್ವರ ಬಂದು ದುಡಿಮೆ ನಿಂತರೆ ಅಕ್ಕಿ ಬೇಳೆ ಕೊಡುವುದು ಅದೇ ಅಂಗಡಿ.

ಆಮೇಲೆ ಕೈಸಾಲ. ಕಾರ್ಡಿನ ಬಡ್ಡಿ ಇದಕ್ಕಿಂತ ಜಾಸ್ತಿಯೇ, ಆದರೆ ಅದನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಸುವ ದಾರಿ ಇದೆ, ಮುಂದೆ ಹೇಳುತ್ತೇನೆ. ಇದರ ತೊಡಕು ಏನೆಂದರೆ ಅಸಲನ್ನು ಚೂರು ಚೂರಾಗಿ ಕೊಟ್ಟರೆ ಬಹಳ ಜನ ತಗೊಳ್ಳುವುದಿಲ್ಲ, ಗಂಟಾಗಿ ಕೊಡಿ ಎನ್ನುತ್ತಾರೆ. ಸಂಬಳದಲ್ಲಿ ಅರವತ್ತು ಸಾವಿರದ ಗಂಟು ಎಂದಿಗೂ ಆಗುವುದಿಲ್ಲ. ಇಲ್ಲಿ ಎರಡು ದಾರಿ.

ಒಂದು, ಅಡ ಇಟ್ಟ ಒಡವೆಯ ಇಂದಿನ ಬೆಲೆಗೆ ಇನ್ನಷ್ಟು ಸಾಲ ಸಿಗುವುದಾದರೆ ಬ್ಯಾಂಕಿನಲ್ಲೇ 60,000 ಹೆಚ್ಚಿಗೆ ತೆಗೆದು ಕೈಸಾಲ ಮುಗಿಸುವುದು. ಸಾಲ ತೀರಿಸಲು ಸಾಲ ಮಾಡಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಶೇ 36ರದ್ದನ್ನು ಶೇ 10ಕ್ಕೆ ಇಳಿಸುವುದು ಮಾತ್ರ ಅದಕ್ಕೆ ಹೊರತು. ತಿಂಗಳ ಬಡ್ಡಿ 1,800 ಇದ್ದದ್ದು 500ಕ್ಕೆ ಇಳಿಯುತ್ತದೆ. ಆದರೆ ಚಿನ್ನದ ಸಾಲ ಒಟ್ಟು 1,40,000 ಆಗುತ್ತದೆ, ವರ್ಷದ ಬಡ್ಡಿ 14,000. ತಿಂಗಳಿಗೆ ಸುಮಾರು 1,170 ಬೇರೆ ತೆಗೆದಿಡದಿದ್ದರೆ ಒಡವೆ ಹರಾಜಿಗೆ ಹೋಗುವ ಅಪಾಯವಿದೆ.

ಎರಡು, ಒಂದು ಒಡವೆಯನ್ನು ಮಾರಿಬಿಡುವುದು. ವರ್ಷಗಟ್ಟಲೆ ಅಡದಲ್ಲೇ ಇದ್ದು ಬಡ್ಡಿ ತಿನ್ನುವ ಸರಕ್ಕಿಂತ ಸಾಲವಿಲ್ಲದ ಮನೆ ಮೇಲು ಎಂಬುದು ನನ್ನ ಎಣಿಕೆ. ಆದರೆ ತವರಿನಿಂದ ಬಂದ ಒಡವೆ ಹೆಂಡತಿಯ ಸ್ವಂತ ಆಸ್ತಿ, ಸ್ತ್ರೀಧನ. ಮಾರುವುದೋ ಬಿಡುವುದೋ ಅವರೇ ಹೇಳಬೇಕು. ಅತ್ತೆ ಮನೆಯವರು ಒತ್ತಾಯ ಮಾಡುವಂತಿಲ್ಲ.

ಯಾವ ದಾರಿ ಹಿಡಿದರೂ ಹಣ ಕೈಗೆ ಬಂದ ದಿನವೇ ಕೊಟ್ಟು ಪ್ರೋನೋಟು, ಖಾಲಿ ಚೆಕ್ಕು ವಾಪಸ್ ತಗೊಳ್ಳಿ. ಒಂದು ರಾತ್ರಿ ಮನೆಯಲ್ಲಿದ್ದರೆ ಅದಕ್ಕೆ ಬೇರೆ ಖರ್ಚು ಹುಡುಕಿಕೊಂಡು ಬರುತ್ತದೆ.

ಮೊದಲ ದಾರಿ ಹಿಡಿದರೆ ಕೈಸಾಲದ ಬಡ್ಡಿಯಲ್ಲಿ ತಿಂಗಳಿಗೆ 1,300 ಉಳಿಯುತ್ತದೆ, ಅದರಿಂದ ಕಾರ್ಡಿಗೆ. ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತಾಗಿ ಮಾಡಿಕೊಡಿ ಎಂದು ಕೇಳಿ. ಶೇ 16ಕ್ಕೆ 18 ತಿಂಗಳು ಸಿಕ್ಕರೆ ಕಂತು 2,640, ತೆರಿಗೆ ಸೇರಿ ಇನ್ನೂ ಸ್ವಲ್ಪ. ಈಗ ಕಟ್ಟುತ್ತಿರುವ 2,100ಕ್ಕೆ ಆರುನೂರು, ಏಳುನೂರು ಸೇರಿಸಿದರೆ ಒಂದೂವರೆ ವರ್ಷದಲ್ಲಿ ಕಾರ್ಡ್ ಮುಗಿಯಿತು.

ಚೀಟಿ 8 ತಿಂಗಳಿಗೆ ಮುಗಿಯುತ್ತದೆ. ಆಗ ಬಿಡುವಾಗುವ 4,000 ಎಲ್ಲಿಗೆ ಹೋಗಬೇಕು ಎಂದು ಈಗಲೇ ಬರೆದಿಡಿ: ಚಿನ್ನದ ಅಸಲಿಗೆ. ಬೈಕ್ ಮತ್ತು ಸಂಘದ ಕಂತು ತಪ್ಪದೆ ನಡೆಯಲಿ. ಸಂಘದಲ್ಲಿ ಒಬ್ಬರು ತಪ್ಪಿದರೆ ಉಳಿದ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಕೈಯಲ್ಲಿ ಹಣ ಬಂದು ಮೈಕ್ರೋಫೈನಾನ್ಸ್ ಸಾಲ ಮೊದಲೇ ತೀರಿಸಿದರೆ ಅದಕ್ಕೆ ದಂಡ ಹಾಕುವಂತಿಲ್ಲ.

ಊರಲ್ಲಿ ಜಮೀನಿದ್ದು ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆಸಾಲ ತೆಗೆದಿದ್ದರೆ ಅದರ ಗಡುವನ್ನು ದಾಟಿಸಬೇಡಿ. ಗಡುವು ದಾಟಿದರೆ ಬಡ್ಡಿ ಮಾಫಿಯ ಲಾಭವೇ ಕೈತಪ್ಪುತ್ತದೆ. ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಮೊದಲ ಪಾಲು ಅದಕ್ಕೆ.

ಹಂತ 5: ಬರುವ ಖರ್ಚನ್ನು ಮೊದಲೇ ಬರೆಯಿರಿ

ಸಾಲ ಹುಟ್ಟುವ ತಿಂಗಳು ನಮಗೆಲ್ಲ ಗೊತ್ತಿರುವಂಥವೇ. ಜೂನ್‌ನಲ್ಲಿ ಸ್ಕೂಲ್ ಫೀಸು. ಯುಗಾದಿ, ದೀಪಾವಳಿ. ಮದುವೆ ಸೀಸನ್ನಿನ ಮುಯ್ಯಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆಗೆ ನೆಂಟರು ಬರುತ್ತಾರೆ, ಕುರಿ ಆಗಬೇಕು, ಹೊಸ ಬಟ್ಟೆ ಆಗಬೇಕು. ಸಾಲ ಮಾಡಿಯಾದರೂ ಜಾತ್ರೆ ಮಾಡುವ ಮನೆಗಳು ಊರ ತುಂಬ ಇವೆ. ಹಬ್ಬ ಬಿಡಿ ಎಂದು ನಾನು ಹೇಳುವುದಿಲ್ಲ. ಅಣ್ಣತಮ್ಮಂದಿರು ಸೇರಿ ಒಂದೇ ಕಡೆ ಅಡಿಗೆ ಮಾಡಬಹುದು. ತಿಂಗಳಿಗೆ 500ರಂತೆ ಬ್ಯಾಂಕಿನಲ್ಲಿ ಎರಡು ವರ್ಷದ ಆರ್‌ಡಿ ಕಟ್ಟಿದರೆ ಕೊನೆಗೆ 12,000 ಮತ್ತು ಬಡ್ಡಿ. ಸಾಲ ಇರುವಾಗಲೂ ಈ ಪುಟ್ಟ ಉಳಿತಾಯ ಬೇಕು, ಇಲ್ಲದಿದ್ದರೆ ಮತ್ತೆ ಮೂರು ರೂಪಾಯಿ ಬಡ್ಡಿಯೇ ಗತಿ.

ಹಂತ 6: ಕಟ್ಟಲು ಆಗದಿದ್ದರೆ ತಪ್ಪಿಸಿಕೊಳ್ಳಬೇಡಿ

ಫೋನ್ ಆಫ್ ಮಾಡುವುದು, ಬಾಗಿಲು ಹಾಕಿಕೊಳ್ಳುವುದು ಕೆಲಸಕ್ಕೆ ಬರುವುದಿಲ್ಲ. ಕಂತು ತಪ್ಪುವ ಮೊದಲೇ ಬ್ರಾಂಚಿಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿ. ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ವಸೂಲಿಗೂ ಮಿತಿ ಇದೆ. ಮೈಕ್ರೋಫೈನಾನ್ಸಿನವರು ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಕಿರುಕುಳ ಯಾವುದೂ ಸಲ್ಲದು. ಬ್ಯಾಂಕು, ಫೈನಾನ್ಸ್ ಕಂಪನಿಯ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448.

ಖಾಸಗಿಯಾಗಿ ಬಡ್ಡಿಗೆ ಕೊಡುವವರಿಗೆ 1961ರ ಲೇವಾದೇವಿದಾರರ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಹೊಸ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮೊಬೈಲ್ ಆ್ಯಪಿನವರು ಫೋಟೊ ಹಿಡಿದು ಹೆದರಿಸಿದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ.

ಸಾಲದ ಚಿಂತೆಯಲ್ಲಿ ನಿದ್ದೆ ಬಾರದೆ, ಸಾಯುವ ಯೋಚನೆ ಬರುತ್ತಿದ್ದರೆ ತಕ್ಷಣ ಮನೆಯವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿನ ಲೆಕ್ಕ ತಡವಾದರೂ ಸರಿಹೋಗುತ್ತದೆ. ನೀವು ಇರಬೇಕು.

ಹಂತ 7: ತೀರಿದ ಸಾಲದ ಕಾಗದ

ಒಂದೊಂದು ಸಾಲ ಮುಗಿದಾಗಲೂ ಬಾಕಿ ಇಲ್ಲ ಎಂಬ ಪತ್ರ ತಗೊಳ್ಳಿ. ಬೈಕ್ ಸಾಲ ತೀರಿದರೆ ಆ ಪತ್ರದ ಜೊತೆ ಫಾರಂ 35 ಪಡೆದು ಆರ್‌ಸಿಯಲ್ಲಿರುವ ಫೈನಾನ್ಸ್ ಹೆಸರು ತೆಗೆಸಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಗಾಡಿ ಮಾರುವಾಗ ಅಲೆಯುತ್ತಾರೆ. ಮನೆ ಪತ್ರ ಅಡ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಅದನ್ನು ವಾಪಸ್ ಕೊಡಬೇಕು. ಅವರ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಎರಡು ಮೂರು ತಿಂಗಳು ಬಿಟ್ಟು ಕ್ರೆಡಿಟ್ ವರದಿ ನೋಡಿ. ಸಾಲ ಮುಗಿದಿದೆ ಎಂದು ಅದರಲ್ಲಿ ಬಂದಿರದಿದ್ದರೆ ಬಾಕಿ ಇಲ್ಲ ಎಂಬ ಪತ್ರ ಲಗತ್ತಿಸಿ ವರದಿ ಕೊಟ್ಟ ಸಂಸ್ಥೆಗೂ ಸಾಲ ಕೊಟ್ಟವರಿಗೂ ತಿದ್ದುಪಡಿಗೆ ಬರೆಯಿರಿ.