ವಿಳಾಸ ಬೇಡ, ಟ್ಯಾಗ್ ಸಾಕು: ಹೊಸ ಮೆಷಿನ್ ತಾನಾಗಿ ಕ್ಲಸ್ಟರ್ ಸೇರಲಿ

ಅದು ದೀಪಾವಳಿ ಸೇಲ್‌ನ ಸಂಜೆ. ನಾನಾಗ ಕೆಲಸ ಮಾಡುತ್ತಿದ್ದ ಕಡೆ ಟ್ರಾಫಿಕ್ ಏರಿತು, ಆಟೋ ಸ್ಕೇಲಿಂಗ್ ಆರು ಹೊಸ ಮೆಷಿನ್ ಎಬ್ಬಿಸಿತು. ಆರೂ ಬೂಟ್ ಆದವು, ಒಂದೂ ಕ್ಲಸ್ಟರ್ ಸೇರಲಿಲ್ಲ. ಹಳೆಯವು ಏದುಸಿರು ಬಿಡುತ್ತಿದ್ದರೆ ಹೊಸವು ಸುಮ್ನೆ ಕೂತಿದ್ದವು.

ಕಾರಣ ಸಿಕ್ಕಿದ್ದು ಕಾನ್ಸುಲ್‌ನ, ಅಂದರೆ ಕ್ಲಸ್ಟರಿನ ಮೆಷಿನ್‌ಗಳು ಒಂದನ್ನೊಂದು ಹುಡುಕಿಕೊಳ್ಳಲು ಬಳಸುವ ಸಾಫ್ಟ್‌ವೇರ್‌ನ, ಕಾನ್ಫಿಗ್ ಫೈಲಿನಲ್ಲಿ. ಅದರಲ್ಲಿ ನಾನು ಹೊಸ ಮೆಷಿನ್ ಸೇರಲು ಮೊದಲು ಸಂಪರ್ಕಿಸಬೇಕಾದ ಮೂರು ಸರ್ವರ್‌ಗಳ ಐಪಿ ವಿಳಾಸ ಬರೆದಿಟ್ಟಿದ್ದೆ. ಆ ಮೂರೂ ಸರ್ವರ್ ಒಂದೊಂದಾಗಿ ಬದಲಾಗಿ ತಿಂಗಳುಗಳೇ ಕಳೆದಿದ್ದವು. ಮೊದಲೇ ಒಳಗಿದ್ದವಕ್ಕೆ ತೊಂದರೆ ಆಗಿರಲಿಲ್ಲ, ಅವು ತಮ್ಮತಮ್ಮಲ್ಲೇ ಸುದ್ದಿ ಹಂಚಿಕೊಂಡು ಯಾರು ಬಂದರು, ಯಾರು ಹೋದರು ಅಂತ ತಿಳಿದುಕೊಳ್ಳುತ್ತವೆ. ಹೊರಗಿಂದ ಬಂದವು ಮಾತ್ರ ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದವು. ಅವತ್ತಿನಿಂದ ನಾನು ಕ್ಲೌಡ್‌ನಲ್ಲಿ ವಿಳಾಸ ಬರೆಯುವುದನ್ನು ಬಿಟ್ಟೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಕಾನ್ಸುಲ್ ನಡೆಸುವವರಿಗೆ ಈಗ ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಟ್ಯಾಗ್. ಕಾನ್ಸುಲ್ ಸರ್ವರ್‌ಗಳಿಗೆ, ಅಂದರೆ ಕ್ಲಸ್ಟರಿನ ಲೆಕ್ಕ ಇಡುವ ಮೂರೋ ಐದೋ ಮೆಷಿನ್‌ಗಳಿಗೆ (ಉಳಿದವು ಕ್ಲೈಂಟ್‌ಗಳು), ಒಂದು ಗುರುತು ಕೊಡಿ. ನನ್ನದು ಕೀ ‘ಕಾನ್ಸುಲ್-ಜಾಯಿನ್’, ವ್ಯಾಲ್ಯೂ ‘ಪ್ರೊಡ್-ಮುಂಬೈ’. ಟ್ಯಾಗನ್ನು ಆಟೋ ಸ್ಕೇಲಿಂಗ್ ಗ್ರೂಪಿಗೆ ಹಾಕುವಾಗ ‘ಪ್ರೊಪಗೇಟ್ ಅಟ್ ಲಾಂಚ್’ ಆನ್ ಇರಬೇಕು. ಇಲ್ಲದಿದ್ದರೆ ಅದು ಗ್ರೂಪಿನ ಮೇಲೆ ಮಾತ್ರ ಉಳಿಯುತ್ತದೆ, ಮೆಷಿನ್‌ಗೆ ಇಳಿಯುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರ ಕೂಡ ತಪ್ಪಬಾರದು.

ಈ ಟ್ಯಾಗ್ ನೋಡಿ ಸರ್ವರ್ ಹುಡುಕುವ ಮೆಷಿನ್‌ಗೆ ಅನುಮತಿ ಬೇಕು, ಅಲ್ವಾ? ಒಂದು ಐಎಎಂ ರೋಲ್ (ಎಡಬ್ಲ್ಯೂಎಸ್‌ನಲ್ಲಿ ಅನುಮತಿಗಳ ಕಟ್ಟು) ಮಾಡಿ, ಸದ್ಯಕ್ಕೆ ಮೆಷಿನ್ ಪಟ್ಟಿ ನೋಡುವ ‘ಡಿಸ್ಕ್ರೈಬ್ ಇನ್‌ಸ್ಟೆನ್ಸಸ್’ ಒಂದನ್ನೇ ಕೊಟ್ಟು, ಎಲ್ಲ ಮೆಷಿನ್‌ಗಳಿಗೂ ಅಂಟಿಸಿ. ಆಕ್ಸೆಸ್ ಕೀಯನ್ನು ಫೈಲಿನಲ್ಲಿ ಬರೆಯಲೇಬೇಡಿ.

ಈಗ ಕಾನ್ಫಿಗ್. ‘ರೀಟ್ರೈ ಜಾಯಿನ್’ ಅನ್ನುವ ಜಾಗದಲ್ಲಿ ಐಪಿ ಬದಲು ಒಂದೇ ಸಾಲು: ಪ್ರೊವೈಡರ್ ಎಡಬ್ಲ್ಯೂಎಸ್, ಟ್ಯಾಗ್ ಕೀ ಇಂಥದ್ದು, ಟ್ಯಾಗ್ ವ್ಯಾಲ್ಯೂ ಇಂಥದ್ದು. ರೀಜನ್ ಬರೆಯದಿದ್ದರೆ ಮೆಷಿನ್ ತಾನಿರುವ ರೀಜನ್‌ನಲ್ಲೇ ಹುಡುಕುತ್ತದೆ. ಮೊದಲ ಸಲ ಯಾರೂ ಸಿಗದಿದ್ದರೂ ಚಿಂತೆಯಿಲ್ಲ, ಡಿಫಾಲ್ಟ್ ಆಗಿ 30 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ. ‘ಬೂಟ್‌ಸ್ಟ್ರಾಪ್ ಎಕ್ಸ್‌ಪೆಕ್ಟ್’ 3 ಅನ್ನುವುದನ್ನು ಸರ್ವರ್‌ಗಳಲ್ಲಿ ಮಾತ್ರ ಹಾಕಿ. ಮೂರೂ ಒಂದನ್ನೊಂದು ಕಂಡ ಮೇಲೆ ಲೀಡರ್ ಆಯ್ಕೆ ಆಗುತ್ತದೆ.

ಸೆಕ್ಯೂರಿಟಿ ಗ್ರೂಪಿನಲ್ಲಿ, ಅಂದರೆ ಎಡಬ್ಲ್ಯೂಎಸ್‌ನ ಫೈರ್‌ವಾಲ್‌ನಲ್ಲಿ, ಸರ್ವರ್‌ಗಳ ಕಡೆಗೆ ಪೋರ್ಟ್ 8300 ಟಿಸಿಪಿ, ಎಲ್ಲರ ನಡುವೆ 8301 ಟಿಸಿಪಿ ಮತ್ತು ಯುಡಿಪಿ ಎರಡೂ ತೆರೆಯಿರಿ. ಜಾಸ್ತಿ ಜನ ಮರೆಯುವುದು ಯುಡಿಪಿ. ಸೇರುವ ಕೆಲಸ ಟಿಸಿಪಿಯಲ್ಲಿ ನಡೆಯುವುದರಿಂದ ಎಲ್ಲ ಸರಿ ಇದೆ ಅನ್ನಿಸುತ್ತದೆ. ಲಾಗ್ ತೆಗೆದರೆ, ಟಿಸಿಪಿಯಲ್ಲಿ ಸಿಕ್ಕಿತು, ಯುಡಿಪಿ ಪ್ರೋಬ್ ಫೇಲ್ ಆಯಿತು ಅನ್ನುವ ಎಚ್ಚರಿಕೆ ಸಾಲುಗಟ್ಟಿರುತ್ತದೆ.

ಮೆಷಿನ್‌ಗಳು ತಮ್ಮಲ್ಲಿ ಹಂಚಿಕೊಳ್ಳುವ ಸುದ್ದಿಯನ್ನು ಗುಟ್ಟಾಗಿಡುವ ಗಾಸಿಪ್ ಎನ್‌ಕ್ರಿಪ್ಷನ್ ಕೀ ಪ್ರೊಡಕ್ಷನ್‌ಗೆ ಬೇರೆ, ಟೆಸ್ಟಿಂಗ್‌ಗೆ ಬೇರೆ ಇರಲಿ. ಟ್ಯಾಗ್‌ನಲ್ಲಿ ಯಾರದೋ ಕೈತಪ್ಪಾಗಿ ಎರಡು ಕ್ಲಸ್ಟರ್ ಒಂದಾಗಲು ಹೊರಟರೆ ತಡೆಯುವುದು ಈ ಕೀ. ಇದನ್ನು ಪ್ಯಾರಾಮೀಟರ್ ಸ್ಟೋರ್‌ನಲ್ಲಿಟ್ಟು (ಇಂಥ ಗುಟ್ಟು ಇಡಲು ಎಡಬ್ಲ್ಯೂಎಸ್ ಕೊಡುವ ಜಾಗ), ಮೆಷಿನ್ ಮೊದಲ ಸಲ ಬೂಟ್ ಆಗುವಾಗ ತಾನಾಗಿ ಓಡುವ ಯೂಸರ್ ಡೇಟಾ ಸ್ಕ್ರಿಪ್ಟ್‌ನಿಂದ ತರಿಸಿ. ಅದನ್ನು ಓದುವ ಅನುಮತಿಯೂ ಅದೇ ರೋಲ್‌ಗೆ ಬೇಕು.

ನನ್ನ ಒಂದು ಇಡೀ ದಿನ ತಿಂದದ್ದು ಇಮೇಜ್, ಅಂದರೆ ಹೊಸ ಮೆಷಿನ್ ಎಬ್ಬಿಸಲು ಬಳಸುವ ಡಿಸ್ಕ್ ಪ್ರತಿ. ಎಡಬ್ಲ್ಯೂಎಸ್‌ನಲ್ಲಿ ಅದಕ್ಕೆ ಎಎಂಐ ಅನ್ನುತ್ತಾರೆ. ಓಡುತ್ತಿದ್ದ ಮೆಷಿನ್‌ನಿಂದಲೇ ಎಎಂಐ ಮಾಡಿದ್ದೆ. ಅದರಿಂದ ಎದ್ದ ಮೊದಲ ಮೆಷಿನ್ ಸೇರಿತು, ಎರಡನೆಯದನ್ನು ಕ್ಲಸ್ಟರ್ ಒಪ್ಪಲಿಲ್ಲ. ಲಾಗ್‌ನಲ್ಲಿ ನೋಡ್ ಐಡಿ ಕಾನ್‌ಫ್ಲಿಕ್ಟ್ ಅಂತ ಇತ್ತು. ಕಾನ್ಸುಲ್ ಮೊದಲ ಸಲ ಶುರುವಾದಾಗ ತನ್ನ ಡೇಟಾ ಡೈರೆಕ್ಟರಿಯಲ್ಲಿ ‘ನೋಡ್-ಐಡಿ’ ಅನ್ನುವ ಪುಟ್ಟ ಫೈಲ್ ಬರೆದಿಡುತ್ತದೆ. ನನ್ನ ಇಮೇಜ್‌ನೊಳಗೆ ಅದೂ ಸೇರಿಕೊಂಡಿತ್ತು, ಹಾಗಾಗಿ ಎಲ್ಲ ಮೆಷಿನ್‌ಗೂ ಒಂದೇ ಗುರುತಿನ ಚೀಟಿ. ಇಮೇಜ್ ಮಾಡುವ ಮುಂಚೆ ಕಾನ್ಸುಲ್ ನಿಲ್ಲಿಸಿ, ಆ ಡೈರೆಕ್ಟರಿ ಪೂರ್ತಿ ಖಾಲಿ ಮಾಡಿ. ಇನ್ನೂ ಒಳ್ಳೆಯದು, ಇಮೇಜ್‌ಗೆಂದು ಎಬ್ಬಿಸಿದ ಮೆಷಿನ್‌ನಲ್ಲಿ ಕಾನ್ಸುಲ್ ಇನ್‌ಸ್ಟಾಲ್ ಮಾತ್ರ ಮಾಡಿ, ಶುರು ಮಾಡಲೇಬೇಡಿ. ಯೂಸರ್ ಡೇಟಾ ಕಾನ್ಫಿಗ್ ಬರೆದ ಮೇಲೆ ಅದೇ ಶುರು ಮಾಡಲಿ.

ಪರೀಕ್ಷೆ ಮಾಡದೆ ಬಿಡಬೇಡಿ. ಗ್ರೂಪಿನ ಸಂಖ್ಯೆಯನ್ನು ಎರಡು ಏರಿಸಿ, ‘ಕಾನ್ಸುಲ್ ಮೆಂಬರ್ಸ್’ ಕಮಾಂಡ್ ಕೊಟ್ಟು ನೋಡುತ್ತಿರಿ. ಹೊಸ ಎರಡು ಹೆಸರು, ಮುಂದೆ ‘ಅಲೈವ್’ ಅಂತ ಬರಬೇಕು. ಬರದಿದ್ದರೆ ಲಾಗ್ ನೋಡಿ. ಸೇರಲು ಸರ್ವರ್ ಇಲ್ಲ ಅಂದರೆ ಟ್ಯಾಗ್ ತಪ್ಪಿದೆ. ಅನ್‌ಆಥರೈಸ್ಡ್ ಅಂದರೆ ರೋಲ್ ಸರಿಯಿಲ್ಲ. ಟೈಮ್‌ಔಟ್ ಅಂದರೆ ಮೊದಲು ಪೋರ್ಟ್ ನೋಡಿ.

ಆಮೇಲೆ ಸಂಖ್ಯೆ ಇಳಿಸಿ, ಹೋಗುವುದನ್ನೂ ನೋಡಿ. ಕ್ಲೈಂಟ್‌ಗಳಲ್ಲಿ ‘ಲೀವ್ ಆನ್ ಟರ್ಮಿನೇಟ್’ ಡಿಫಾಲ್ಟ್ ಆಗಿ ಆನ್ ಇರುತ್ತದೆ, ನೆಟ್ಟಗೆ ಶಟ್‌ಡೌನ್ ಆದ ಮೆಷಿನ್ ‘ಲೆಫ್ಟ್’ ಅಂತ ಕಾಣಬೇಕು. ಹೇಳದೆ ಸತ್ತದ್ದು ‘ಫೇಲ್ಡ್’ ಆಗಿ 72 ಗಂಟೆ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಬೇಗ ತೆಗೆಯಬೇಕಿದ್ದರೆ ‘ಫೋರ್ಸ್ ಲೀವ್’ ಕೊಡಿ.