ಕಟ್ಟಿದ ಕುದುರೆಯ ಚಾಳಿ: ಕಾರಣ ಎಲ್ಲಿ, ಕೈ ಹಾಕಬೇಕಾದದ್ದು ಎಲ್ಲಿ

ಆಷಾಢ ಹಿಡಿಯಿತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮೆರವಣಿಗೆ ಕುದುರೆಗಳಿಗೆ ಕೆಲಸ ಕಡಿಮೆ. ಮದುವೆ ಸುಗ್ಗಿಯಲ್ಲಿ ಊರೂರು ತಿರುಗಿದ ಕುದುರೆ ಈಗ ದಿನವಿಡೀ ಗೂಟದಲ್ಲೇ ನಿಲ್ಲುತ್ತದೆ. ಗೋದಲಿಯ ಅಂಚು ಕಚ್ಚಿ ಗಾಳಿ ಎಳೆಯುವುದು, ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುವುದು, ಲಾಯದೊಳಗೆ ಸುತ್ತು ಹಾಕುವುದು, ಬಾಗಿಲಿಗೆ ಒದೆಯುವುದು ಇಂಥ ದಿನಗಳಲ್ಲೇ ಶುರುವಾಗುತ್ತವೆ. ಇದನ್ನು ಕುದುರೆಯ ಐಬು ಎಂದುಕೊಂಡು ಹೊಡೆದರೆ ಚಾಳಿ ಇನ್ನೂ ಗಟ್ಟಿಯಾಗುತ್ತದೆ.

ಬಯಲಿಗೆ ಬಿಟ್ಟ ಕುದುರೆ ದಿನಕ್ಕೆ 16 ಗಂಟೆಯವರೆಗೂ ಮೇಯುತ್ತದೆ. ಅದರ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ಎರಡು ಹೊತ್ತು ಹುರಳಿ, ಬೂಸಾ ಕೊಟ್ಟು ಉಳಿದ ಹೊತ್ತು ಖಾಲಿ ಗೋದಲಿ ಮುಂದೆ ನಿಲ್ಲಿಸಿದರೆ ಬಾಯಿಗೆ ಕೆಲಸವಿಲ್ಲ, ಹೊಟ್ಟೆಯಲ್ಲಿ ಉರಿ. ಜೊತೆಗೆ ಒಂಟಿತನ, ಕಾಲಿಗೆ ಓಡಾಟವಿಲ್ಲ. ಬೇಸರ ಎನ್ನುವುದು ಈ ಮೂರೂ ಸೇರಿ ಆದದ್ದು.

ಮೊದಲು ಯಾವ ಚಾಳಿ ಎಂದು ಸರಿಯಾಗಿ ನೋಡಿ. ಕಚ್ಚಿ ಗಾಳಿ ಎಳೆಯುವ ಕುದುರೆ ಮುಂದಿನ ಹಲ್ಲುಗಳನ್ನು ಮರದ ಅಂಚಿಗೆ ಊರಿ, ಕತ್ತು ಬಿಲ್ಲಿನಂತೆ ಬಗ್ಗಿಸಿ, ಗಂಟಲಿನ ಕೆಳಗಿನ ಸ್ನಾಯು ಬಿಗಿದು, ‘ಗಕ್’ ಎಂದು ಸದ್ದು ಮಾಡುತ್ತದೆ. ಬರೀ ಮರ ಕೆರೆದು ತಿನ್ನುವುದು ಬೇರೆ. ಅಲ್ಲಿ ಸದ್ದಿಲ್ಲ, ಮರ ಸವೆದಿರುತ್ತದೆ, ಕಾರಣ ಹೆಚ್ಚಾಗಿ ಒಣಮೇವಿನ ಕೊರತೆ. ಮೇವು ಹೆಚ್ಚಿಸಿದರೆ ಅದು ಬೇಗ ತಗ್ಗುತ್ತದೆ. ಗಾಳಿ ಎಳೆಯುವುದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹಲ್ಲು ಸವೆಯುತ್ತದೆ, ಮೈ ಇಳಿಯುತ್ತದೆ, ಕರುಳು ಸಿಕ್ಕಿಕೊಳ್ಳುವ ಒಂದು ಬಗೆಯ ಹೊಟ್ಟೆಶೂಲೆ ಇಂಥ ಕುದುರೆಗಳಲ್ಲೇ ಹೆಚ್ಚು. ಕೆಲವಕ್ಕೆ ಹೊಟ್ಟೆಹುಣ್ಣೂ ಇರಬಹುದು, ಪಶುವೈದ್ಯರಿಗೆ ಒಮ್ಮೆ ತೋರಿಸಿ.

ಮೇವಿನ ಲೆಕ್ಕ

ಕುದುರೆಯ ತೂಕ ಗೊತ್ತಿಲ್ಲದೆ ಮೇವು ಹಾಕಬೇಡಿ. ಟೈಲರ್ ಟೇಪಿನಿಂದ ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 155, ಉದ್ದ 150 ಇದ್ದರೆ ಸುಮಾರು 303 ಕಿಲೋ.

ಅಂಥ ಕುದುರೆಗೆ ದಿನಕ್ಕೆ 6 ಕಿಲೋ ಒಣಮೇವು ಬೇಕು. 4.5 ಕಿಲೋಗಿಂತ ಇಳಿಸಲೇಬಾರದು. ಬೆಳಿಗ್ಗೆ 6, ಹನ್ನೊಂದು, ಸಂಜೆ 4, ರಾತ್ರಿ 9 ಹೀಗೆ ನಾಲ್ಕು ಸಲ ಹಾಕಿ, ದೊಡ್ಡ ಪಾಲು ರಾತ್ರಿಗೆ ಇರಲಿ. ಚಾಳಿ ಬೆಳೆಯುವುದು ಉದ್ದನೆಯ ರಾತ್ರಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ. ಕೆಲಸವಿಲ್ಲದ ತಿಂಗಳಲ್ಲಿ ಹುರಳಿ, ಕಡಲೆಯನ್ನು ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ. ಮೈ ಚೆನ್ನಾಗಿದ್ದರೆ ಪೂರ್ತಿ ನಿಲ್ಲಿಸಿದರೂ ನಡೆಯುತ್ತದೆ. ಕೊಡುವುದಾದರೆ ಮೊದಲು ಮೇವು, ಆಮೇಲೆ ಕಾಳು, ಒಂದು ಹೊತ್ತಿಗೆ 1 ಕಿಲೋ ದಾಟದಂತೆ.

ಯಾವ ಮೇವು ಎನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆ ಸೀಮೆಯಲ್ಲಿ ಭತ್ತದ ಹುಲ್ಲು ಅಗ್ಗ, ಆದರೆ ಕುದುರೆಗೆ ಅದೊಂದೇ ಸಾಲದು. ಅದರಲ್ಲಿರುವ ಆಕ್ಸಲೇಟ್ ಎಂಬ ವಸ್ತು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಮೈಗೆ ಸೇರದಂತೆ ಹಿಡಿದಿಡುತ್ತದೆ. ಜೊತೆಗೆ ಬೂಸಾ, ತೌಡು ಸೇರಿದರೆ ರಂಜಕ (ಫಾಸ್ಫರಸ್) ಹೆಚ್ಚಾಗಿ ಎಲುಬು ಮೆತ್ತಗಾಗುತ್ತದೆ. ಒಣಗಿದ ಗರಿಕೆ ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಚೆನ್ನಾಗಿ ಒಣಗಿದ ಜೋಳದ ಕಣಿಕೆ, ಜೊತೆಗೆ ದಿನಕ್ಕೆ ಒಂದು ಕಿಲೋದಷ್ಟು ಒಣ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಇದು ಸುಣ್ಣವನ್ನೂ ಕೊಡುತ್ತದೆ, ಆಮ್ಲವನ್ನೂ ತಣಿಸುತ್ತದೆ. ಕಣಿಕೆಯನ್ನು ಯಂತ್ರದಲ್ಲಿ ಸಣ್ಣಗೆ ಕೊಚ್ಚಬೇಡಿ, ಗೇಣುದ್ದ ಮುರಿದು ಹಾಕಿ. ಕೊಚ್ಚಿದ್ದು ಬೇಗ ಮುಗಿದುಹೋಗುತ್ತದೆ. ಹಲ್ಲು ಹೋದ ಮುದಿ ಕುದುರೆಗೆ ಮಾತ್ರ ಕೊಚ್ಚಿದ್ದು. ಹಸಿ ಜೋಳದ ಮೇವು ಬೇಡವೇ ಬೇಡ, ಮೂತ್ರಕೋಶ ಕೆಟ್ಟು ಹಿಂಗಾಲು ಸ್ವಾಧೀನ ತಪ್ಪುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳ ಮಿದುಳಿಗೇ ಹೊಡೆತ. ಬೂಷ್ಟು ಬಂದ ಶೇಂಗಾ ಹೊಟ್ಟನ್ನೂ ದೂರವಿಡಿ.

ಹುಲ್ಲನ್ನು ಬಲೆಯಲ್ಲಿ ತುಂಬಿ ಕಟ್ಟಿದರೆ ಅದೇ ಮೇವು ಹೆಚ್ಚು ಹೊತ್ತು ಬರುತ್ತದೆ. ಬಲೆಯ ಕಣ್ಣಿನ ಅಗಲ ಮೊದಲು 6 ಸೆಂ.ಮೀ. ಇರಲಿ, ರೂಢಿಯಾದ ಮೇಲೆ 4. ಮೊದಲ ದಿನವೇ ಸಣ್ಣ ಕಣ್ಣಿನದು ಕಟ್ಟಿದರೆ ಕುದುರೆ ಸಿಟ್ಟಾಗಿ ಬಲೆಯನ್ನೇ ಹರಿಯುತ್ತದೆ. ಮೀನಿನ ಬಲೆಯ ತೆಳು ದಾರ ವಸಡು ಕೊಯ್ಯುತ್ತದೆ, ದಪ್ಪ ಹುರಿಯದೇ ಬೇಕು. ಖಾಲಿಯಾಗಿ ಜೋತುಬಿದ್ದಾಗಲೂ ಬಲೆಯ ತುದಿ ಕುದುರೆಯ ಎದೆ ಮಟ್ಟಕ್ಕಿಂತ ಕೆಳಗೆ ಬರಬಾರದು. ಬಂದರೆ ಗೊರಸು ಸಿಕ್ಕಿಕೊಳ್ಳುತ್ತದೆ, ಲಾಳ ಹೊಡೆದ ಕುದುರೆಯಾದರೆ ಅಪಾಯ ಇನ್ನೂ ಹೆಚ್ಚು.

ಜೊತೆ, ಓಡಾಟ, ಲಾಯ

ತೂಗುವ ಕುದುರೆಗೆ ಬೇಕಾದದ್ದು ಜೊತೆ. ಇನ್ನೊಂದು ಕುದುರೆ ಕಾಣುವಂತೆ ಕಟ್ಟಿ, ಗೋಡೆಯಲ್ಲಿ ಕಿಂಡಿ ಬಿಡಿ, ಒಂಟಿಯಿದ್ದರೆ ಒಂದು ಮೇಕೆಯನ್ನಾದರೂ ಪಕ್ಕದಲ್ಲಿ ಬಿಡಿ. ಒಡೆಯದ ಅಕ್ರಿಲಿಕ್ ಕನ್ನಡಿ ಹಾಕಿದರೂ ತೂಗುವುದು ಕಡಿಮೆಯಾಗುವುದುಂಟು. ಗಾಜಿನದು ಬೇಡ.

ದಿನಕ್ಕೆರಡು ಸಲ ನಡೆಸಿ, ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ, ಮತ್ತೆ ಹೊತ್ತು ಇಳಿದ ಮೇಲೆ, ತಲಾ ಒಂದು ಗಂಟೆ. ಕಾಂಪೌಂಡ್ ಇದ್ದರೆ ಹಗ್ಗ ಬಿಚ್ಚಿ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಗಾಳಿ ಎಳೆಯುವ ಕುದುರೆಯ ಸುತ್ತ ಅಂಚುಗಳನ್ನೆಲ್ಲ ಮುಚ್ಚಿಬಿಟ್ಟರೆ ಅದು ಏನನ್ನೂ ಕಚ್ಚದೆಯೇ ಗಾಳಿ ಎಳೆಯಲು ಕಲಿಯಬಹುದು. ಒಂದು ಅಂಚಿಗೆ ರಬ್ಬರ್ ಸುತ್ತಿ ಬಿಟ್ಟುಕೊಡಿ, ಹಲ್ಲಾದರೂ ಉಳಿಯುತ್ತದೆ. ಗಣಿಗಳ ಹಳೆಯ ಕನ್ವೇಯರ್ ಬೆಲ್ಟ್ ಸಿಕ್ಕರೆ ಇದಕ್ಕೂ, ಒದೆಯುವ ಬಾಗಿಲಿಗೂ ಚೆನ್ನಾಗಿ ಒಗ್ಗುತ್ತದೆ. ಕಚ್ಚದಿರಲೆಂದು ಅಂಚಿಗೆ ಏನಾದರೂ ಬಳಿಯುವುದೂ ಬೇಡ: ಖಾರದಪುಡಿಗೆ ಕುದುರೆ ಬೇಗ ಒಗ್ಗಿಕೊಳ್ಳುತ್ತದೆ, ಸುಟ್ಟ ಇಂಜಿನ್ ಆಯಿಲ್ ವಿಷ. ಕತ್ತಿಗೆ ಬಿಗಿಯುವ ಪಟ್ಟಿ ಚಾಳಿಯನ್ನು ತಡೆದರೂ ಅದರ ಕಾರಣವನ್ನು ಮುಟ್ಟುವುದಿಲ್ಲ. ಬಿಚ್ಚಿದ ಕೂಡಲೇ ಕುದುರೆ ಮೊದಲಿಗಿಂತ ಹೆಚ್ಚು ಎಳೆಯುತ್ತದೆ. ಮೈ ತೀರಾ ಇಳಿದಿದ್ದರೆ, ಪದೇಪದೇ ಶೂಲೆ ಬರುತ್ತಿದ್ದರೆ ಮಾತ್ರ, ವೈದ್ಯರ ಮಾತಿನಂತೆ ಬಳಸಿ. ಬಾಗಿಲು ಒದ್ದಾಗ ಓಡಿಹೋಗಿ ಮೇವು ಹಾಕಬೇಡಿ. ಒದ್ದರೆ ಮೇವು ಬರುತ್ತದೆ ಎಂದು ಅದು ಒಂದೇ ವಾರದಲ್ಲಿ ಕಲಿತುಬಿಡುತ್ತದೆ.

ಮಣ್ಣು, ಲದ್ದಿ ತಿನ್ನುತ್ತಿದ್ದರೆ ಮೇವಿನ ಜೊತೆ ಉಪ್ಪು ನೋಡಿ. ದಿನಕ್ಕೆ 30 ಗ್ರಾಂ, ಬೆವರು ಸುರಿಯುವ ಬೇಸಿಗೆಯಲ್ಲಿ ಅದರ ಎರಡರಷ್ಟು, ಪಕ್ಕದಲ್ಲಿ ಸದಾ ನೀರು. ಜಂತುಹುಳಕ್ಕೆ ಲದ್ದಿ ಪರೀಕ್ಷೆಯನ್ನೂ ಮಾಡಿಸಿ.

ಕುದುರೆ ಪಕ್ಕೆ ತಿರುಗಿ ತಿರುಗಿ ನೋಡಿದರೆ, ನೆಲ ಕೆರೆದರೆ, ಹೊರಳಾಡಿದರೆ, ಲದ್ದಿ ನಿಂತರೆ ಅದು ಚಾಳಿಯಲ್ಲ, ಶೂಲೆ. ಮೇವು ತೆಗೆದು ತಕ್ಷಣ ವೈದ್ಯರನ್ನು ಕರೆಯಿರಿ. ಪಶು ಚಿಕಿತ್ಸೆಯ ಸಹಾಯವಾಣಿ 1962.

ವರ್ಷಗಟ್ಟಲೆ ಬೇರೂರಿದ ಚಾಳಿ ಪೂರ್ತಿ ಬಿಡುವುದು ಅಪರೂಪ, ದಿನದಲ್ಲಿ ಅದಕ್ಕೆ ಹೋಗುವ ಹೊತ್ತನ್ನು ತಗ್ಗಿಸಬಹುದು. ಹಾಗಾಗಿ ಕೊಳ್ಳುವಾಗಲೇ ತುಟಿ ಎತ್ತಿ ಮುಂದಿನ ಹಲ್ಲುಗಳ ಹೊರ ಅಂಚು ಸವೆದಿದೆಯೇ ನೋಡಿ, ಗಂಟಲಿನ ಕೆಳಗೆ ಸ್ನಾಯು ಉಬ್ಬಿದೆಯೇ ಸವರಿ ನೋಡಿ. ಆಮೇಲೆ ಕಾಳು ತಿನ್ನಿಸಲು ಹೇಳಿ ಅರ್ಧ ಗಂಟೆ ದೂರ ನಿಲ್ಲಿ. ಕಾಳು ತಿಂದ ಕೂಡಲೇ ಗಾಳಿ ಎಳೆಯುವುದು ಹೆಚ್ಚು, ಮಾರುವವರು ಏನೇ ಹೇಳಲಿ ಅಷ್ಟು ಹೊತ್ತಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ.